ಸ್ವೆಟರ್ ಕಡ್ಡಿಯ ನೆರಳು

ನೈಲ್ ನದಿಯ ಪಶ್ಚಿಮಕ್ಕೆ ಹಬ್ಬಿರುವ ಲಿಬಿಯನ್ ಮರುಭೂಮಿಯೊಳಕ್ಕೆ ಕಾರು ನುಗ್ಗಿಸಿದ ಮೊದಲ ಜನರಿಗೆ ಮರಳಿಗಿಂತ ಮೊದಲು ಕೈಕೊಟ್ಟದ್ದು ದಿಕ್ಸೂಚಿ. ಹಡಗಿನವರು ಶತಮಾನಗಳಿಂದ ನೆಚ್ಚಿಕೊಂಡಿದ್ದ, ಒಂಟೆಯ ಮೇಲೆ ಕೂತವನ ಅಂಗೈಯಲ್ಲೂ ಸರಿಯಾಗಿಯೇ ಇರುತ್ತಿದ್ದ ಕಾಂತದ ಮುಳ್ಳು, ಕಾರಿನೊಳಗೆ ಬಂದ ಕೂಡಲೇ ಸುಳ್ಳು ಹೇಳತೊಡಗುತ್ತಿತ್ತು. ಕಾರೆಂದರೆ ಕಬ್ಬಿಣ ತಾನೆ. ಎಂಜಿನ್ನು, ಚಾಸಿ, ಹಿಂದೆ ಹೇರಿದ ಬಿಡಿಭಾಗಗಳ ಪೆಟ್ಟಿಗೆ ಎಲ್ಲವೂ ಮುಳ್ಳನ್ನು ತಮ್ಮತ್ತ ಎಳೆಯುತ್ತಿದ್ದವು. ಸರಕನ್ನು ಕೊಂಚ ಅತ್ತಿತ್ತ ಸರಿಸಿದರೆ ಸೆಳೆತವೂ ಬದಲು. ಸರಿಯಾದ ದಿಕ್ಕು ಬೇಕೆಂದರೆ ಗಾಡಿ ನಿಲ್ಲಿಸಿ, ಇಳಿದು, ಹತ್ತಾರು ಹೆಜ್ಜೆ ದೂರ ನಡೆದು ಹೋಗಿ ಅಲ್ಲಿ ನಿಂತು ನೋಡಬೇಕು. ದೂರದ ಒಂದು ಕಲ್ಲನ್ನೋ ದಿಬ್ಬದ ತುದಿಯನ್ನೋ ಗುರುತಿಟ್ಟುಕೊಂಡು ಮತ್ತೆ ಬಂದು ಹತ್ತಬೇಕು. ಗುರುತಿಡಲು ಕಲ್ಲೂ ಇಲ್ಲದ ಬಯಲಿನಲ್ಲಿ ಆ ಉಪಾಯವೂ ಇಲ್ಲ.

ಇವತ್ತು ಆಫ್‌ರೋಡ್ ತಿರುಗಾಟಕ್ಕೆಂದು ಜಿಪಿಎಸ್ ಸಾಧನ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವುದು ಸಾಮಾನ್ಯವಾಗಿ ಪರದೆ ಎಷ್ಟು ದೊಡ್ಡದು, ಎಷ್ಟು ಮೀಟರ್ ನಿಖರ ಎಂದು. ದಾರಿಯಿಲ್ಲದ ನೆಲದಲ್ಲಿ ವಾಹನ ಓಡಿಸಿದವರ ನೂರು ವರ್ಷದ ಚರಿತ್ರೆಯನ್ನು ನೋಡಿದರೆ ಅವರು ತಮ್ಮ ಸಾಧನಕ್ಕೆ ಹಾಕಿದ ಪ್ರಶ್ನೆ ಬೇರೆಯೇ ಇತ್ತು. ಇದು ತಪ್ಪಿದಾಗ ನನಗೆ ಗೊತ್ತಾಗುವುದು ಹೇಗೆ, ಗೊತ್ತಾದ ಮೇಲೆ ನನ್ನ ಕೈಯಲ್ಲಿ ಉಳಿಯುವುದೇನು?

ಮೊದಲ ಮಹಾಯುದ್ಧದ ಹೊತ್ತಿಗೆ ಈಜಿಪ್ಟಿನ ಪಶ್ಚಿಮ ಗಡಿ ಕಾಯುತ್ತಿದ್ದ ಬ್ರಿಟಿಷರ ಲೈಟ್ ಕಾರ್ ಪೆಟ್ರೋಲ್ ತುಕಡಿಗಳು ಫೋರ್ಡ್ ಮಾಡೆಲ್ ಟಿ ಗಾಡಿಗಳಲ್ಲಿ ಸೂರ್ಯನ ನೆರಳು ನೋಡಿ ದಿಕ್ಕು ಹಿಡಿಯುವ ಸಾಧನವನ್ನು ಬಳಸಿದ್ದವು. ಅದನ್ನು ಎಲ್ಲರ ಕೈಗೂ ಒಗ್ಗುವಂತೆ ತಿದ್ದಿದವನು ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಸೇನಾಧಿಕಾರಿ. 1926ರಲ್ಲಿ ಈಜಿಪ್ಟಿಗೆ ಬಂದ ಈ ಎಂಜಿನಿಯರನಿಗೆ ರಜೆ ಸಿಕ್ಕಿತೆಂದರೆ ಗೆಳೆಯರನ್ನು ಕಟ್ಟಿಕೊಂಡು ಮರುಭೂಮಿಗೆ ಹೊರಡುವ ಹುಚ್ಚು. ಖರ್ಚೆಲ್ಲ ಸ್ವಂತದ್ದು. ನಡುವೆ ಭಾರತದ ವಾಯವ್ಯ ಗಡಿಗೆ ವರ್ಗವಾದಾಗಲೂ ಹುಚ್ಚು ಬಿಡಲಿಲ್ಲ. ಮೆತ್ತನೆಯ ಮರಳಿನಲ್ಲಿ ಟೈರಿನ ಗಾಳಿ ಇಳಿಸುವುದು, ಹೂತ ಗಾಲಿಯಡಿಗೆ ಉಕ್ಕಿನ ಪಟ್ಟಿ ತೂರಿಸುವುದು, ರೇಡಿಯೇಟರಿನಿಂದ ಉಕ್ಕಿ ಹೋಗುವ ಹಬೆಯನ್ನು ಡಬ್ಬದಲ್ಲಿ ಹಿಡಿದು ಮತ್ತೆ ನೀರು ಮಾಡಿಕೊಳ್ಳುವುದು — ಇಂದಿಗೂ ಮರಳಿನ ಚಾಲಕರು ಮಾಡುವ ಎಷ್ಟೋ ಕೆಲಸಗಳನ್ನು ಈ ರಜಾ ಪ್ರವಾಸಿಗರು ಪಳಗಿಸಿದರು.

ಬ್ಯಾಗ್ನಾಲ್ಡನ ಸೂರ್ಯ ದಿಕ್ಸೂಚಿಯನ್ನು ನೋಡಿದರೆ ಮೊದಲಿಗೆ ನಗು ಬರುತ್ತದೆ. ಅಂಗೈಯಗಲದ ಬಿಳಿಯ ಬಿಲ್ಲೆ, ಅದರ ಅಂಚಿಗೆ 360 ಡಿಗ್ರಿಯ ಗೆರೆಗಳು, ನಟ್ಟ ನಡುವೆ ನೆಟ್ಟಗೆ ನಿಂತ ಸ್ವೆಟರ್ ಹೆಣೆಯುವ ಕಡ್ಡಿಯಂಥ ಒಂದು ಸಲಾಕೆ. ಚಾಲಕನ ಕಣ್ಣೆದುರಿಗೆ ಇದನ್ನು ಕೂರಿಸಿಬಿಟ್ಟರೆ ಸಲಾಕೆಯ ನೆರಳು ಬಿಲ್ಲೆಯ ಮೇಲೆ ಬೀಳುತ್ತದೆ. ಆ ದಿನ, ಆ ಅಕ್ಷಾಂಶದಲ್ಲಿ ಎಷ್ಟು ಗಂಟೆಗೆ ಸೂರ್ಯ ಯಾವ ದಿಕ್ಕಿನಲ್ಲಿರುತ್ತಾನೆ ಎಂಬ ಪಟ್ಟಿಯೊಂದು ಜೊತೆಗಿರುತ್ತದೆ. ಅದನ್ನು ನೋಡಿ ಆಗಾಗ ಬಿಲ್ಲೆಯನ್ನು ತಿರುಗಿಸಿಕೊಳ್ಳಬೇಕು. ಆಮೇಲೆ ಚಾಲಕನಿಗಿರುವುದು ಒಂದೇ ಕೆಲಸ, ನೆರಳು ಹೇಳಿದ ಗೆರೆಯ ಮೇಲೆ ಬೀಳುವಂತೆ ಸ್ಟೀರಿಂಗ್ ಹಿಡಿಯುವುದು. ಕಬ್ಬಿಣಕ್ಕೆ ಇದರ ಮೇಲೆ ಯಾವ ಅಧಿಕಾರವೂ ಇಲ್ಲ. ಗಾಡಿ ಎಷ್ಟು ಕುಲುಕಿದರೂ ನೆರಳು ಕೆಡುವುದಿಲ್ಲ.

ಬೇಸಿಗೆಯ ನಡು ಮಧ್ಯಾಹ್ನ ಸೂರ್ಯ ನೆತ್ತಿಗೇರಿದಾಗ ಮಾತ್ರ ನೆರಳು ಕುಗ್ಗಿ ಸಲಾಕೆಯ ಬುಡಕ್ಕೆ ಬಂದು ಕೂರುತ್ತಿತ್ತು. ಆಗ ಓದಲು ಆಗದು. ಆ ಹೊತ್ತಿನಲ್ಲಿ ಗಾಡಿ ನಿಲ್ಲಿಸಿ ಅದರ ಅಡಿಯಲ್ಲೇ ಮಲಗುತ್ತಿದ್ದರು. ಬಿಸಿಲಿಗೆ ಹೇಗೂ ಬೇಕಿದ್ದ ವಿಶ್ರಾಂತಿ. ಈ ಸಾಧನದ ಒಂದು ಗುಣ ನನಗೆ ದೊಡ್ಡದಾಗಿ ಕಾಣುತ್ತದೆ. ತನಗೆ ಗೊತ್ತಿಲ್ಲದಾಗ ಅದು ಸುಮ್ಮನಾಗುತ್ತಿತ್ತು. ಮೋಡ ಕವಿದರೆ ನೆರಳಿಲ್ಲ, ನಡುಹಗಲಾದರೆ ನೆರಳಿಲ್ಲ. ಇಲ್ಲದ ದಿಕ್ಕನ್ನು ಇದೆಯೆಂದು ತೋರಿಸುವ ಶಕ್ತಿ ಅದಕ್ಕಿರಲಿಲ್ಲ.

ದಿಕ್ಕು ಗೊತ್ತಾದರೆ ಸಾಲದು, ಎಲ್ಲಿದ್ದೇವೆ ಎಂದೂ ತಿಳಿಯಬೇಕಲ್ಲ. ಗಾಡಿಯ ಮೈಲಿ ಮಾಪಕ ಎಷ್ಟು ದೂರ ಬಂದೆವೆಂದು ಹೇಳುತ್ತದೆ, ನೆರಳು ಯಾವ ಕಡೆಗೆ ಬಂದೆವೆಂದು ಹೇಳುತ್ತದೆ. ಎರಡನ್ನೂ ಬರೆದುಕೊಳ್ಳುತ್ತಾ ಕಾಗದದ ಮೇಲೆ ತುಂಡು ತುಂಡಾಗಿ ಗೆರೆ ಎಳೆಯುತ್ತಾ ಹೋಗಬೇಕು. ದಿಬ್ಬ ಸುತ್ತಿದ್ದು, ಗಾಲಿ ನಿಂತಲ್ಲೇ ಸುತ್ತಿದ್ದು ಎಲ್ಲವೂ ತಪ್ಪಾಗಿ ಅದರೊಳಗೆ ಸೇರುತ್ತಿತ್ತು, ಮತ್ತು ಸೇರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ರಾತ್ರಿ ಉಳಿದವರು ಅಡುಗೆಗೆ ಒಲೆ ಹಚ್ಚಿದರೆ ಒಬ್ಬ ಮಾತ್ರ ಥಿಯೊಡೊಲೈಟ್ ನಿಲ್ಲಿಸಿಕೊಂಡು ನಕ್ಷತ್ರಗಳ ಎತ್ತರ ಅಳೆಯುತ್ತಾ ಕೂರುತ್ತಿದ್ದ. ಲೆಕ್ಕ ಮುಗಿದರೆ ಆ ಬಿಡಾರ ಭೂಮಿಯ ಮೇಲೆ ಎಲ್ಲಿದೆ ಎಂಬುದು ಸುಮಾರು ಒಂದು ಮೈಲಿಯೊಳಗೆ ಸಿಗುತ್ತಿತ್ತು. ಹಗಲಿನ ಗೆರೆಯ ತುದಿಗೂ ರಾತ್ರಿಯ ಬಿಂದುವಿಗೂ ನಡುವಿನ ಅಂತರವೇ ಆ ದಿನದ ತಪ್ಪು. ಅದನ್ನು ತಿದ್ದಿಕೊಂಡೇ ಮರುದಿನ ಹೊರಡುವುದು.

ಇದಕ್ಕೆಲ್ಲ ಗಡಿಯಾರ ಸರಿಯಿರಬೇಕು. ಭೂಮಿ ನಾಲ್ಕು ಸೆಕೆಂಡಿಗೆ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲು ತಿರುಗುತ್ತದೆ. ಅಂದರೆ ಗಡಿಯಾರ ನಾಲ್ಕು ಸೆಕೆಂಡು ತಪ್ಪಿದರೆ ಆ ಮರುಭೂಮಿಯಲ್ಲಿ ನೀವು ಇರುವ ಜಾಗ ಪೂರ್ವಕ್ಕೋ ಪಶ್ಚಿಮಕ್ಕೋ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಜಾರುತ್ತದೆ. ಹಾಗಾಗಿ ಗಾಡಿಯಲ್ಲಿ ರೇಡಿಯೋ ಇರಲೇಬೇಕಿತ್ತು, ಸುದ್ದಿ ಕೇಳುವುದಕ್ಕಿಂತ ಹೆಚ್ಚಾಗಿ ಸಮಯದ ಸಂಕೇತ ಕೇಳುವುದಕ್ಕೆ.

1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಈ ರಜಾ ಹವ್ಯಾಸ ಸೇನೆಯ ವಿದ್ಯೆಯಾಯಿತು. ನಿವೃತ್ತನಾಗಿದ್ದ ಬ್ಯಾಗ್ನಾಲ್ಡನನ್ನು ಮತ್ತೆ ಕರೆಸಿ ಪೂರ್ವ ಆಫ್ರಿಕಾಕ್ಕೆ ಕಳಿಸುತ್ತಿದ್ದ ಹಡಗು ಮೆಡಿಟರೇನಿಯನ್ನಿನಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದು ರಿಪೇರಿಗೆ ನಿಂತದ್ದರಿಂದ ಆತ ಕೈರೋಗೆ ಬಂದು ಬಿದ್ದ. ಆಗಿನ ಮಹಾದಂಡನಾಯಕ, ಮುಂದೆ ಭಾರತದ ವೈಸ್‌ರಾಯ್ ಆದ ವೇವೆಲ್, ಒಪ್ಪಿಗೆ ಕೊಟ್ಟ. ಹೀಗೆ ಹುಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಶತ್ರುವಿನ ಬೆನ್ನ ಹಿಂದೆ ನೂರಾರು ಮೈಲಿ ಹೋಗಿ, ಕರಾವಳಿ ರಸ್ತೆಯ ಪಕ್ಕ ಅಡಗಿ ಕೂತು, ಹೋಗಿ ಬರುವ ಲಾರಿ ಟ್ಯಾಂಕುಗಳನ್ನು ಎಣಿಸಿ ಬರುತ್ತಿತ್ತು. ಮೊದಲು ಸೇರಿದವರಲ್ಲಿ ಹೆಚ್ಚಿನವರು ನ್ಯೂಜಿಲ್ಯಾಂಡಿನ ರೈತಮಕ್ಕಳು. ಪ್ರತಿ ಗಸ್ತು ತಂಡಕ್ಕೂ ಒಬ್ಬ ನ್ಯಾವಿಗೇಟರ್. ಅವನಿಗೆ ಊಟ ತಡವಾದರೂ ನಕ್ಷತ್ರದ ಲೆಕ್ಕ ತಪ್ಪುವಂತಿರಲಿಲ್ಲ. ಭಾರತದ ಅಶ್ವದಳಗಳಿಂದ ಆರಿಸಿದ ಜಾಟರು, ರಜಪೂತರು, ಮುಸ್ಲಿಮರು, ಸಿಖ್ಖರ ಇಂಡಿಯನ್ ಲಾಂಗ್ ರೇಂಜ್ ಸ್ಕ್ವಾಡ್ರನ್ ಕೂಡ ಮುಂದೆ ಇದೇ ವಿದ್ಯೆ ಕಲಿತು ಇದೇ ಮರುಭೂಮಿಯಲ್ಲಿ ಓಡಾಡಿತು. ನಮ್ಮಲ್ಲಿ ಅವರನ್ನು ನೆನೆಯುವವರು ಕಡಿಮೆ.

ಅದೇ ಯುದ್ಧದ, ಅದೇ ಮರುಭೂಮಿಯ ಇನ್ನೊಂದು ಪ್ರಸಂಗ ವಾಹನದ್ದಲ್ಲ, ವಿಮಾನದ್ದು. ಆದರೂ ಇಲ್ಲಿಗೆ ಸಲ್ಲುತ್ತದೆ. 1943ರ ಏಪ್ರಿಲ್ 4ರ ರಾತ್ರಿ ‘ಲೇಡಿ ಬಿ ಗುಡ್’ ಎಂಬ ಅಮೆರಿಕನ್ ಬಾಂಬರ್ ಇಟಲಿಯ ಕಡೆಯಿಂದ ಲಿಬಿಯಾದ ತನ್ನ ನೆಲೆಗೆ ಮರಳುತ್ತಿತ್ತು. ದಾರಿ ಕೇಳಿದಾಗ ರೇಡಿಯೋ ಕೇಂದ್ರ ವಿಮಾನ ಯಾವ ಗೆರೆಯ ಮೇಲಿದೆ ಎಂದು ಸರಿಯಾಗಿಯೇ ಹೇಳಿತು. ಆದರೆ ಗೆರೆಯ ಯಾವ ತುದಿಗೆ ಎಂದು ಬೇರೆ ಮಾಡಿ ತಿಳಿಯುವುದು ಆ ಸಾಧನಕ್ಕೆ ಸಾಧ್ಯವಿರಲಿಲ್ಲ. ವಿಮಾನ ಆಗಲೇ ನೆಲೆಯನ್ನು ದಾಟಿ ಹೋಗಿತ್ತು ಎಂಬುದೇ ಇಂದಿನ ತಿಳುವಳಿಕೆ. ಇನ್ನೂ ಸಮುದ್ರದ ಮೇಲಿದ್ದೇವೆ ಎಂದುಕೊಂಡು ಅವರು ಮರುಭೂಮಿಯ ಒಡಲಿಗೇ ಹಾರುತ್ತಾ ಹೋದರು. 1958ರಲ್ಲಿ ತೈಲ ಹುಡುಕುವವರ ಕಣ್ಣಿಗೆ ಬಿದ್ದಾಗ ವಿಮಾನ ಹೆಚ್ಚು ಜಖಂ ಆಗಿರಲಿಲ್ಲ. ಒಂಬತ್ತು ಜನರಲ್ಲಿ ಒಬ್ಬರೂ ಬದುಕಿರಲಿಲ್ಲ. ಸಾಧನ ಹೇಳಿದ್ದು ನಿಜ, ಅವರು ಕೇಳಿಸಿಕೊಂಡದ್ದು ಬೇರೆ. ಬ್ಯಾಗ್ನಾಲ್ಡನ ಪದ್ಧತಿಯಲ್ಲಿದ್ದ ಎರಡನೆಯ ಸಾಕ್ಷಿ ಅವರಿಗೆ ಆ ಕತ್ತಲೆಯಲ್ಲಿ ಸಿಗಲಿಲ್ಲ.

ಇಲ್ಲಿಂದ ಕಥೆ ಆಕಾಶಕ್ಕೆ ಏರುತ್ತದೆ. 1978ರ ಫೆಬ್ರವರಿಯಲ್ಲಿ ಮೊದಲ ಜಿಪಿಎಸ್ ಉಪಗ್ರಹವನ್ನು ಅಮೆರಿಕ ಹಾರಿಸಿತು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳು ಮೂಲತಃ ಗಡಿಯಾರಗಳೇ. ‘ಈಗ ಇಷ್ಟು ಗಂಟೆ, ನಾನು ಇಲ್ಲಿದ್ದೇನೆ’ ಎಂದು ಅವು ಸಾರುತ್ತವೆ, ಆ ಮಾತು ತಲುಪಲು ಹಿಡಿದ ಹೊತ್ತಿನಿಂದ ಕೈಯಲ್ಲಿರುವ ಸಾಧನ ದೂರವನ್ನು ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳು ಜಾಗ ಹೇಳಲು, ನಾಲ್ಕನೆಯದು ಕೈಯಲ್ಲಿರುವ ಅಗ್ಗದ ಗಡಿಯಾರದ ತಪ್ಪು ತಿದ್ದಲು. ಅಲ್ಲಿ ನಾಲ್ಕು ಸೆಕೆಂಡಿನ ಮಾತಿತ್ತು, ಇಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ 300 ಮೀಟರ್ ಹೋಯಿತು. ಥಿಯೊಡೊಲೈಟ್ ಹಿಡಿದವನ ರಾತ್ರಿಯ ಕೆಲಸವನ್ನೇ ಈ ಪೆಟ್ಟಿಗೆ ಸೆಕೆಂಡಿಗೊಮ್ಮೆ, ಯಾರಿಗೂ ಕಾಣದಂತೆ ಮಾಡುತ್ತದೆ. ಕಾಣದಂತೆ ಮಾಡುವುದೇ ಮುಂದಿನ ತೊಡಕಿಗೂ ಮೂಲ.

ಮರುಭೂಮಿಯಲ್ಲಿ ಇದರ ದೊಡ್ಡ ಪರೀಕ್ಷೆ ನಡೆದದ್ದು 1991ರ ಕೊಲ್ಲಿ ಯುದ್ಧದಲ್ಲಿ. ಇರಾಕಿನ ಪಶ್ಚಿಮದ ಗುರುತಿಲ್ಲದ ಬಯಲನ್ನು ಬಳಸಿಕೊಂಡು ಸುತ್ತಿ ಹೋಗುವ ಯೋಜನೆಗೆ ಜಿಪಿಎಸ್ ಆಧಾರವಾಯಿತು. ಸೇನೆಯ ಸ್ವಂತ ಸಾಧನಗಳು ಸಾಲದೆ ನಾಗರಿಕರಿಗೆ ಮಾರುತ್ತಿದ್ದ ಸಾಧನಗಳನ್ನು ಸಾವಿರಗಟ್ಟಲೆ ಕೊಳ್ಳಬೇಕಾಯಿತು. ಟ್ರಿಂಬಲ್ ಕಂಪನಿಯ ಪೆಟ್ಟಿಗೆಯನ್ನು ಸೈನಿಕರು ‘ಸ್ಲಗರ್’ ಎಂದು ಕರೆದರು. ಆಗ ಉಪಗ್ರಹಗಳೂ ಪೂರ್ತಿ ಏರಿರಲಿಲ್ಲ. ದಿನದ ಕೆಲವು ಗಂಟೆ ಬೇಕಾದಷ್ಟು ಉಪಗ್ರಹ ಕಾಣುತ್ತಿರಲಿಲ್ಲ. ಬ್ಯಾಗ್ನಾಲ್ಡನಿಗೆ ನಡುಹಗಲು ಇದ್ದಂತೆ ಇವರಿಗೂ ಒಂದು ಕುರುಡು ಹೊತ್ತು.

ಇಲ್ಲೊಂದು ವಿಚಿತ್ರ. ನಾಗರಿಕರಿಗೆ ಹೋಗುವ ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ಅದರಿಂದ ನೂರು ಮೀಟರಿನಷ್ಟು ತಪ್ಪಾಗುತ್ತಿತ್ತು. ಯುದ್ಧದಲ್ಲಿ ತಮ್ಮ ಸೈನಿಕರ ಕೈಯಲ್ಲೇ ನಾಗರಿಕ ಸಾಧನಗಳಿದ್ದುದರಿಂದ ಆ ಕೆಡಿಸುವಿಕೆಯನ್ನು ನಿಲ್ಲಿಸಬೇಕಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ಶುರು. ಶಾಶ್ವತವಾಗಿ ನಿಂತದ್ದು 2000ದ ಮೇ 2ರಂದು. ಆವತ್ತು ಯಾರೂ ಹೊಸ ಸಾಧನ ಕೊಳ್ಳಲಿಲ್ಲ, ಆದರೂ ಜಗತ್ತಿನ ಪ್ರತಿಯೊಂದು ಜಿಪಿಎಸ್ಸೂ ರಾತ್ರೋರಾತ್ರಿ ಹಲವು ಪಟ್ಟು ನಿಖರವಾಯಿತು. ಯಾರದೋ ಅಪ್ಪಣೆಯಿಂದ ಒಳ್ಳೆಯದಾದದ್ದು ಇನ್ನೊಂದು ಅಪ್ಪಣೆಯಿಂದ ಕೆಡಲೂಬಹುದು ಎಂಬುದು ಉಳಿದ ದೇಶಗಳಿಗೆ ಅರ್ಥವಾಗದೆ ಇರಲಿಲ್ಲ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ ನ್ಯಾವಿಗೇಶನ್ ಕೇಂದ್ರ 2013ರಲ್ಲಿ ಶುರುವಾದದ್ದು ಇದೇ ಎಚ್ಚರದಿಂದ. ಅದೇ ವರ್ಷ ಹಾರಿದ ನಮ್ಮ ಮೊದಲ ನ್ಯಾವಿಗೇಶನ್ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಲವೇ ವರ್ಷಗಳಲ್ಲಿ ಕೆಟ್ಟವು. 2023ರ ಮೇ ತಿಂಗಳಲ್ಲಿ ಏರಿದ ಉಪಗ್ರಹದಲ್ಲಿ ಇಲ್ಲೇ ಮಾಡಿದ ಗಡಿಯಾರವಿತ್ತು. ಮತ್ತೆ ಗಡಿಯಾರದ್ದೇ ಪಾಡು.

ಸೈನ್ಯ ಬಿಟ್ಟು ಹವ್ಯಾಸಿಗಳ ಕಡೆಗೆ ಬಂದರೆ, ಕೈಯಲ್ಲಿ ಹಿಡಿಯುವಂಥ ಜಿಪಿಎಸ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಮೆಜೆಲನ್ ಕಂಪನಿಯ ಆ ಸಾಧನದ ಬೆಲೆ ಸುಮಾರು 3,000 ಡಾಲರ್. ನಕ್ಷೆ ಇರಲಿಲ್ಲ, ಬರೀ ಅಂಕಿಗಳು. ಅದಕ್ಕೂ ಮೊದಲು ಸಹಾರಾದಲ್ಲಿ ರ‍್ಯಾಲಿ ಓಡಿಸುವವರಿಗೆ ದಿಕ್ಸೂಚಿ, ನಕ್ಷೆ, ರೋಡ್‌ಬುಕ್ಕುಗಳೇ ಗತಿ. ಪ್ಯಾರಿಸ್–ಡಾಕಾರ್ ರ‍್ಯಾಲಿ ಹುಟ್ಟಿದ್ದೇ ದಾರಿ ತಪ್ಪಿದ್ದರಿಂದ. 1977ರಲ್ಲಿ ಅಬಿಜಾನ್–ನೀಸ್ ರ‍್ಯಾಲಿಯಲ್ಲಿ ಮೋಟರ್‌ಸೈಕಲ್ ಓಡಿಸುತ್ತಾ ಮರುಭೂಮಿಯಲ್ಲಿ ಕಳೆದುಹೋದ ತಿಯೆರಿ ಸಬೀನ್ ಬದುಕಿ ಬಂದ ಮೇಲೆ ಆ ಮರುಭೂಮಿಗೇ ಜನರನ್ನು ಕರೆದೊಯ್ಯುವ ಸ್ಪರ್ಧೆ ಕಟ್ಟಿದ. 1982ರ ಜನವರಿಯಲ್ಲಿ ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಮಗ ಮಾರ್ಕ್ ಅಲ್ಜೀರಿಯಾದಲ್ಲಿ ಕಾಣೆಯಾಗಿ ಆರು ದಿನ ಸಿಗಲಿಲ್ಲ. ಗಾಡಿ ಕೆಟ್ಟಲ್ಲೇ ಮೂವರೂ ಉಳಿದದ್ದರಿಂದ ಬದುಕಿದರು. ಗಾಡಿ ಬಿಟ್ಟು ನಡೆಯಬಾರದು ಎಂಬುದು ಮರುಭೂಮಿಯ ಹಳೆಯ ಪಾಠ.

1992ರಲ್ಲಿ ರ‍್ಯಾಲಿಗೆ ಜಿಪಿಎಸ್ ಬಂತು. ಬಂದದ್ದೇ ತಡ, ಸ್ಪರ್ಧೆಯ ಜೀವಾಳವಾಗಿದ್ದ ದಾರಿ ಹುಡುಕುವ ಕಲೆ ಸೊರಗತೊಡಗಿತು. ಬಾಣ ತೋರಿದ ಕಡೆಗೆ ವೇಗವಾಗಿ ಓಡಿಸಿದರೆ ಮುಗಿಯಿತು. ಸಂಘಟಕರು ಮಾಡಿದ ಉಪಾಯ ವಿಶಿಷ್ಟವಾದದ್ದು. ಜಿಪಿಎಸ್ಸನ್ನು ತೆಗೆದುಹಾಕಲಿಲ್ಲ, ಅದಕ್ಕೆ ಕಣ್ಣು ಕಟ್ಟಿದರು. ಸ್ಪರ್ಧಿಗಳು ತಮ್ಮ ಸಾಧನ ತರುವಂತಿಲ್ಲ, ಸಂಘಟಕರು ಕೊಟ್ಟದ್ದನ್ನೇ ಬಳಸಬೇಕು. ಅದರೊಳಗಿನ ಎಷ್ಟೋ ವೇಪಾಯಿಂಟುಗಳು ಬಚ್ಚಿಟ್ಟಂಥವು. ರೋಡ್‌ಬುಕ್ ಓದಿ, ಡಿಗ್ರಿ ಹಿಡಿದು, ದೂರ ಎಣಿಸಿ ನೀವೇ ಹತ್ತಿರಕ್ಕೆ ಹೋದ ಮೇಲಷ್ಟೇ ಬಾಣ ಮೂಡುತ್ತದೆ. ಅಂದರೆ ಹಗಲೆಲ್ಲ ಲೆಕ್ಕ ಹಾಕಿ ರಾತ್ರಿ ಸರಿ ನೋಡುವ ಬ್ಯಾಗ್ನಾಲ್ಡನ ಕ್ರಮವನ್ನೇ ಕಾನೂನು ಮಾಡಿ ವಾಪಸು ತಂದರು.

ಈ ಕ್ರಮ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ಒಂದು ಹೆಸರೇ ಹುಟ್ಟಿಕೊಂಡಿದೆ. ಅಲ್ಲಿನ ರೇಂಜರುಗಳು ಅದನ್ನು ‘ಜಿಪಿಎಸ್ ಸಾವು’ ಎನ್ನುತ್ತಾರೆ. ಕಾರಿನ ನ್ಯಾವಿಗೇಟರ್ ಹತ್ತಾರು ವರ್ಷಗಳ ಹಿಂದೆಯೇ ಬಿಟ್ಟುಹೋದ ಗಣಿ ರಸ್ತೆಗಳನ್ನು ಓಡಾಡುವ ದಾರಿಯೆಂದೇ ತೋರಿಸುತ್ತಿತ್ತು. 2009ರ ಆಗಸ್ಟಿನಲ್ಲಿ ಹಾಗೆ ಸಿಕ್ಕಿಕೊಂಡ ತಾಯಿ ಮಗನಲ್ಲಿ ಮಗು ಉಳಿಯಲಿಲ್ಲ. ಉಪಗ್ರಹಗಳು ಅವರ ಜಾಗವನ್ನು ಸರಿಯಾಗಿಯೇ ಹೇಳಿದ್ದವು. ಹಳಸಿದ್ದು ನಕ್ಷೆ.

ಸಾಧನ ಆರಿಸುವಾಗ ಇದು ಮೊದಲು ಗೊತ್ತಿರಬೇಕು. ಊರ ರಸ್ತೆಗೆಂದು ಮಾಡಿದ ನ್ಯಾವಿಗೇಟರ್ ನೀವು ಹೊಲದಲ್ಲಿ ನಿಂತಿದ್ದರೂ ನಿಮ್ಮನ್ನು ಹತ್ತಿರದ ರಸ್ತೆಯ ಮೇಲಕ್ಕೆ ಎಳೆದು ತೋರಿಸುತ್ತದೆ. ಅದರ ದೃಷ್ಟಿಯಲ್ಲಿ ಅದು ಉಪಕಾರ. ರಸ್ತೆಯೇ ಇಲ್ಲದ ಕಡೆ ಅದು ಸಭ್ಯವಾಗಿ ಹೇಳಿದ ಸುಳ್ಳು. ಆಫ್‌ರೋಡಿಗೆ ಬೇಕಾದದ್ದು ಇದ್ದ ಜಾಗವನ್ನು ಇದ್ದಂತೆ ತೋರಿಸಿ, ಗುರಿ ಯಾವ ದಿಕ್ಕಿಗೆ ಎಷ್ಟು ದೂರ ಎಂದಷ್ಟೇ ಹೇಳುವ, ಎಷ್ಟು ಉಪಗ್ರಹ ಕಾಣುತ್ತಿವೆ, ಎಷ್ಟು ಮೀಟರ್ ತಪ್ಪಿರಬಹುದು ಎಂದೂ ಒಪ್ಪಿಕೊಳ್ಳುವ ಸಾಧನ. ಗಾರ್ಮಿನ್ನಿನ ಜಿಪಿಎಸ್‌ಮ್ಯಾಪ್ 276ಸಿ ಎಂಬ ದಪ್ಪ ಪೆಟ್ಟಿಗೆಯನ್ನು ಮರಳಿನವರು ಎಷ್ಟು ಹಚ್ಚಿಕೊಂಡಿದ್ದರೆಂದರೆ ಹತ್ತಾರು ವರ್ಷದ ಮೇಲೆ, 2016ರಲ್ಲಿ, ಕಂಪನಿ ಅದನ್ನೇ ಹೊಸತು ಮಾಡಿ ಬಿಡುಗಡೆ ಮಾಡಿತು. ಅದರ ಗುಣ ಬಿಸಿಲಿನಲ್ಲೂ ಓದಬಹುದಾದ ಪರದೆ, ಕುಲುಕಾಟದಲ್ಲೂ ಬೆರಳಿಗೆ ಸಿಗುವ ಗುಂಡಿಗಳು. ಫೋನೂ ಸಾಕು ಎನ್ನುವವರಿದ್ದಾರೆ. ಸಿಗ್ನಲ್ ಇಲ್ಲದ ಕಡೆಯೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ ಎಂಬುದು ನಿಜ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು ಅಷ್ಟೆ. ಆದರೆ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗಿಟ್ಟ ಫೋನು ಕಾದು ತಾನಾಗಿಯೇ ಆರಿಹೋಗುವುದು ನಮ್ಮ ಬೇಸಿಗೆಯಲ್ಲಿ ಹೊಸದೇನಲ್ಲ.

ನಮ್ಮ ದೇಶದಲ್ಲಿ ಇನ್ನೆರಡು ಸಂಗತಿಗಳಿವೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಿಡಿದು ಅಡಿರೇಖೆ ಅಳೆದ. ಆ ಅಳತೆಗಳ ಪರಂಪರೆಯಲ್ಲಿ ಬಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಗೊಂದು ಆಕಾರ ಲೆಕ್ಕ ಹಾಕಿದ. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳು ನಿಂತಿರುವುದು ಆ ಆಕಾರದ ಮೇಲೆ, ಜಿಪಿಎಸ್ ನಿಂತಿರುವುದು ಬೇರೆಯದರ ಮೇಲೆ. ಹಳೆಯ ನಕ್ಷೆಯ ಹಾಳೆಯ ಮೇಲೆ ಜಿಪಿಎಸ್ಸಿನ ಅಂಕಿಯನ್ನು ನೇರವಾಗಿ ಗುರುತು ಹಾಕಿದರೆ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತೀರಿ. 2005ರ ನಕ್ಷೆ ನೀತಿಯ ನಂತರ ಬಂದ ಸಾರ್ವಜನಿಕ ಹಾಳೆಗಳಲ್ಲಿ ಈ ತೊಂದರೆಯಿಲ್ಲ. ಒಳ್ಳೆಯ ಸಾಧನದಲ್ಲಿ ಎರಡರಲ್ಲಿ ಯಾವುದು ಬೇಕೆಂದು ಆರಿಸಿಕೊಳ್ಳುವ ಅವಕಾಶವಿರುತ್ತದೆ, ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಎರಡನೆಯದು ಕಾನೂನು. ಹೊರದೇಶಗಳಲ್ಲಿ ಮರುಭೂಮಿಗೆ ಹೋಗುವವರು ತಪ್ಪದೆ ಒಯ್ಯುವ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಇಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ತಿಳಿಯದೆ ತಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿ ಮೊಕದ್ದಮೆ ಎದುರಿಸಿದ್ದಾರೆ. ಹಾಗಾಗಿ ಥಾರ್‌ನಲ್ಲೋ ಲಡಾಖಿನಲ್ಲೋ ಗಾಡಿ ನಿಂತರೆ ನಾವು ಇಲ್ಲಿದ್ದೇವೆ ಎಂದು ನಮಗೆ ಗೊತ್ತಿರುತ್ತದೆ, ಇನ್ನೊಬ್ಬರಿಗೆ ತಿಳಿಸುವ ದಾರಿ ಇರುವುದಿಲ್ಲ. ಇಂಥಲ್ಲಿ ಎರಡನೆಯ ಗಾಡಿ ಯಾವ ಸಾಧನಕ್ಕಿಂತಲೂ ಉಪಯೋಗದ್ದು. ಬ್ಯಾಗ್ನಾಲ್ಡನೂ ಒಂಟಿ ಕಾರಿನಲ್ಲಿ ಹೊರಡುತ್ತಿರಲಿಲ್ಲ.

ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಸಾಧನ ಬಂದ ದಾರಿಯನ್ನು ನೆನಪಿಡುತ್ತದೆಯೇ ಎಂಬುದನ್ನು. ಸಣ್ಣ ಚುಕ್ಕಿಗಳ ಸಾಲಿನಂತೆ ಅದು ನಮ್ಮ ಹೆಜ್ಜೆಯನ್ನು ಹಿಂದೆಯೇ ಬರೆಯುತ್ತಾ ಬರುತ್ತದೆ. ಮುಂದಿನ ದಾರಿಯ ಬಗ್ಗೆ ನಕ್ಷೆ ಸುಳ್ಳು ಹೇಳಬಹುದು. ಚುಕ್ಕಿಗಳ ಸಾಲು ಮಾತ್ರ ನಮ್ಮ ಗಾಡಿ ಈಗಷ್ಟೇ ದಾಟಿಬಂದ ನೆಲ. ಬ್ಯಾಗ್ನಾಲ್ಡನ ಕಾಲದವರಿಗೆ ಆ ಕೆಲಸವನ್ನು ನೆಲವೇ ಮಾಡಿಕೊಡುತ್ತಿತ್ತು. ಮರಳ ದಿಬ್ಬಗಳಲ್ಲಿ ಗಾಲಿಯ ಗುರುತು ಒಂದು ಗಾಳಿಗೆ ಅಳಿಯುತ್ತದೆ. ಆದರೆ ಲಿಬಿಯನ್ ಮರುಭೂಮಿಯ ನೊರಜುಗಲ್ಲಿನ ಬಯಲುಗಳಲ್ಲಿ ಮಳೆಯೂ ಇಲ್ಲ, ಗಾಳಿಗೆ ಕದಲುವ ಮರಳೂ ಇಲ್ಲ. ಮೊದಲ ಮಹಾಯುದ್ಧದ ಫೋರ್ಡುಗಳ ಕಿರಿದಾದ ಗಾಲಿಗುರುತು, ಅದರಾಚೆ ಎರಡನೆಯ ಯುದ್ಧದ ಶೆವ್ರೊಲೆ ಲಾರಿಗಳ ಅಗಲದ ಗುರುತು, ಖಾಲಿ ಪೆಟ್ರೋಲ್ ಡಬ್ಬಗಳು ಇನ್ನೂ ಅಲ್ಲಲ್ಲಿ ಹಾಗೆಯೇ ಇವೆ. ಹೋಗಿ ನೋಡುವವರು ಅವುಗಳ ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಂಡು ಬರುತ್ತಾರೆ.